ಸೋಂಕಾಯ್ತು, ಸರಿ, ಕಲ್ಚರ್ ರಿಪೋರ್ಟ್ ಎಲ್ಲಿ?

ನರ್ಸಿಂಗ್ ಹೋಮ್ ಮೇಲೆ ಕೇಸು ಹಾಕಬೇಕು ಅಂತ ನನ್ನ ವಕೀಲಿ ಆಫೀಸಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಬಿಲ್ಲು ಇರುತ್ತದೆ, ಡಿಸ್ಚಾರ್ಜ್ ಸಮ್ಮರಿ ಇರುತ್ತದೆ, ಜೊತೆಗೆ ಮೊಬೈಲಿನಲ್ಲಿ ಒಂದು ವಿಡಿಯೋ. ವಿಡಿಯೋದಲ್ಲಿ ಯಾರೋ ಭಾಮೈದ ರಿಸೆಪ್ಷನ್ ಮುಂದೆ ನಿಂತು ಕೂಗಾಡುತ್ತಿರುತ್ತಾನೆ. "ಆಪರೇಷನ್ ಆದಮೇಲೆ ಕೀವು ಬಂತು ಸಾರ್, ಡಾಕ್ಟರೇ ಇನ್‌ಫೆಕ್ಷನ್ ಅಂತ ಬರೆದುಕೊಟ್ಟಿದ್ದಾರೆ, ಇನ್ನೇನು ಬೇಕು?" ಅಂತ ಕೇಳುತ್ತಾರೆ.

ಇನ್ನೂ ತುಂಬಾ ಬೇಕು ಸ್ವಾಮಿ. ಮೊದಲು ಕಲ್ಚರ್ ರಿಪೋರ್ಟ್, ಅಂದರೆ ಕೀವಿನಲ್ಲಿರುವ ಕೀಟಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಅದು ಯಾವುದು ಅಂತ ಹೇಳುವ ವರದಿ. ಸೋಂಕು ಬಂತು ಅನ್ನೋದೇ ತಪ್ಪಿಗೆ ಪುರಾವೆ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಾರೆ, ನಾನೇನೋ ಆಸ್ಪತ್ರೆ ಕಡೆಯವನು ಅನ್ನೋ ಹಾಗೆ.

ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಸೋಂಕು ಆಗುತ್ತದೆ. ನಮ್ಮ ಚರ್ಮದ ಮೇಲೇ ಬ್ಯಾಕ್ಟೀರಿಯಾ ಇರುತ್ತವೆ. ಶುಗರ್ ಇದ್ದರೆ ಗಾಯ ಮಾಯೋದು ನಿಧಾನ. ಅದಕ್ಕೇ ಗ್ರಾಹಕ ಆಯೋಗ ಕೇಳುವ ಪ್ರಶ್ನೆ "ಸೋಂಕು ಆಯ್ತಾ?" ಅಂತಲ್ಲ. ಸೋಂಕು ಆಗದಂತೆ ಜವಾಬ್ದಾರಿಯುತ ಆಸ್ಪತ್ರೆ ಏನೇನು ಮಾಡಬೇಕಿತ್ತು, ಅದನ್ನು ಇವರು ಮಾಡಿದರಾ ಇಲ್ಲವಾ, ಮಾಡದೇ ಇದ್ದದ್ದರಿಂದಲೇ ಇದು ಆಯ್ತಾ ಅನ್ನೋದು ಪ್ರಶ್ನೆ. ಒಬ್ಬರೇ ರೋಗಿ ಬಂದಾಗ ಆಸ್ಪತ್ರೆಯ ಉತ್ತರ ರೆಡಿ ಇರುತ್ತದೆ: ಶುಗರ್ ಜಾಸ್ತಿ ಇತ್ತು, ಮನೆಗೆ ಹೋಗಿ ಗಾಯ ನೆನೆಸಿಕೊಂಡರು, ಹೇಳಿದ ದಿನ ಡ್ರೆಸ್ಸಿಂಗಿಗೆ ಬರಲಿಲ್ಲ. ಕೆಲವು ಸಲ ಅದು ನಿಜವೂ ಆಗಿರುತ್ತದೆ.

ಆದರೆ ಒಂದೇ ತಿಂಗಳಲ್ಲಿ, ಒಂದೇ ಆಪರೇಷನ್ ಥಿಯೇಟರಿನಿಂದ ಬಂದ ಮೂವರಿಗೆ ಒಂದೇ ಜಾತಿಯ ಬ್ಯಾಕ್ಟೀರಿಯಾ ಸಿಕ್ಕರೆ ಆಗ ಆಟವೇ ಬೇರೆ. ಮೂವರ ಶುಗರೂ ಒಟ್ಟಿಗೆ ಕೆಡೋದಿಲ್ಲ, ಮೂವರೂ ಒಟ್ಟಿಗೆ ಗಾಯ ನೆನೆಸಿಕೊಳ್ಳೋದಿಲ್ಲ. ಆ ಮೂವರಿಗೂ ತಾಗಿದ್ದು ಏನೋ ಒಂದಿರಬೇಕು. ಉಪಕರಣ, ನೀರು, ದ್ರಾವಣ, ಕೈ, ಯಾವುದಾದರೂ ಸರಿ. ಅದನ್ನು ವಿವರಿಸುವ ಭಾರ ಆಸ್ಪತ್ರೆಯ ಕಡೆ ವಾಲತೊಡಗುತ್ತದೆ. ಪೂರ್ತಿ ವಾಲುತ್ತದೆ ಅಂತ ನಾನು ಹೇಳುತ್ತಿಲ್ಲ, ಪ್ರತಿ ಕೇಸಿನ ಸಂಗತಿ ಬೇರೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸು ಬಂದಿದ್ದರು. ತಾಲ್ಲೂಕು ಕೇಂದ್ರದ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಪಿತ್ತಕೋಶ ತೆಗೆಸಿಕೊಂಡಿದ್ದರು. ಹೊಲಿಗೆ ಚೆನ್ನಾಗಿ ಮಾಯ್ದು, ಮನೆ ಕೆಲಸಕ್ಕೂ ಇಳಿದು, ಸುಮಾರು ಒಂದು ತಿಂಗಳಾದ ಮೇಲೆ ಹೊಕ್ಕಳ ಹತ್ತಿರದ ತೂತಿನಲ್ಲಿ ಗಂಟು, ಆಮೇಲೆ ಕೀವು. ಆ್ಯಂಟಿಬಯೋಟಿಕ್ ಕೊಟ್ಟರೆ ಕಮ್ಮಿ, ನಿಲ್ಲಿಸಿದರೆ ಮತ್ತೆ ಶುರು. ಕೀವನ್ನು ಲ್ಯಾಬಿಗೆ ಕಳಿಸಿದರೆ "ಬೆಳವಣಿಗೆ ಇಲ್ಲ" ಅಂತ ರಿಪೋರ್ಟ್ ಬಂತು. ನರ್ಸಿಂಗ್ ಹೋಮಿನವರು ಅದನ್ನೇ ಹಿಡಿದುಕೊಂಡು "ನೋಡಿ, ಸೋಂಕೇ ಇಲ್ಲ, ಇದು ದಾರದ ರಿಯಾಕ್ಷನ್" ಅಂದುಬಿಟ್ಟರು.

ಡ್ರೆಸ್ಸಿಂಗಿಗೆ ಕಾಯುವ ಬೆಂಚಿನ ಮೇಲೆ ಆಕೆಗೆ ಇನ್ನಿಬ್ಬರ ಪರಿಚಯ ಆಯಿತು. ಅದೇ ಆಪರೇಷನ್, ಅದೇ ಹೊಕ್ಕಳು, ಅದೇ ಕೀವು. ಬುದ್ಧಿವಂತೆ, ಇಬ್ಬರ ಫೋನ್ ನಂಬರನ್ನೂ ಬರೆದುಕೊಂಡು ಬಂದಿದ್ದರು. ನನ್ನ ಮಟ್ಟಿಗೆ ಆ ಎರಡು ನಂಬರುಗಳಿಗೆ ಹತ್ತು ವಿಡಿಯೋಗಿಂತ ಬೆಲೆ ಜಾಸ್ತಿ.

ನಾನು ಡಾಕ್ಟರ್ ಅಲ್ಲ, ಆದರೆ ಇಂಥ ಕೇಸು ನೋಡಿ ನೋಡಿ ಒಂದಿಷ್ಟು ಗೊತ್ತಾಗಿದೆ. ಹೀಗೆ ತಡವಾಗಿ ಬರುವ ಸೋಂಕಿನಲ್ಲಿ ಟಿಬಿಯ ದೂರದ ನೆಂಟರಂಥ ಮೈಕೋಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇರುತ್ತದೆ. ಅವು ನಲ್ಲಿ ನೀರಿನಲ್ಲಿ ಬದುಕುತ್ತವೆ. ಮಾಮೂಲಿ ಕಲ್ಚರ್ ತಟ್ಟೆಯನ್ನು ಎರಡು ದಿನಕ್ಕೆ ಎಸೆದರೆ ಅವು ಕಾಣಿಸೋದೇ ಇಲ್ಲ. ಬೇರೆ ಥರದ ಕಲ್ಚರ್ ಇಟ್ಟು, ದಿನಗಟ್ಟಲೆ ಕಾಯಬೇಕು. ಇನ್ನು ಲ್ಯಾಪ್ರೋಸ್ಕೋಪ್ ಉಪಕರಣಗಳು. ಅವುಗಳಲ್ಲಿ ಕೆಲವನ್ನು ಆಟೊಕ್ಲೇವ್ ಅನ್ನೋ ಹಬೆ ಯಂತ್ರದ ಬಿಸಿಗೆ ಇಡಲಾಗದು ಅಂತ ಗ್ಲುಟರಾಲ್ಡಿಹೈಡ್ ಅನ್ನೋ ಕೀಟಾಣುನಾಶಕದ ಶೇ 2ರ ದ್ರಾವಣದ ಟ್ರೇಯಲ್ಲಿ ಮುಳುಗಿಸಿಡುತ್ತಾರೆ. ಇಪ್ಪತ್ತು ನಿಮಿಷ ಇಟ್ಟರೆ ಬಹುತೇಕ ಕೀಟಾಣು ಸಾಯುತ್ತವೆ, ಪೂರ್ತಿ ಸ್ಟೆರೈಲ್, ಅಂದರೆ ಒಂದೂ ಕೀಟಾಣು ಉಳಿಯದ ಹಾಗೆ, ಆಗಬೇಕಾದರೆ ಹತ್ತು ಗಂಟೆ. ಒಂದು ದಿನಕ್ಕೆ ಐದು ಆಪರೇಷನ್, ಉಪಕರಣದ ಸೆಟ್ ಒಂದೇ ಇದ್ದರೆ ಹತ್ತು ಗಂಟೆ ಎಲ್ಲಿಂದ ತರುತ್ತಾರೆ? ಆಮೇಲೆ ತೊಳೆಯಬೇಕಾದ್ದು ಸ್ಟೆರೈಲ್ ನೀರಿನಲ್ಲಿ. ಅಲ್ಲಿ ನಿಂತಿರುವ ಹುಡುಗ ನಲ್ಲಿಯಲ್ಲಿ ತೊಳೆದರೆ ಮಾಡಿದ್ದೆಲ್ಲ ನೀರಿಗೆ ಹೋಯಿತು.

ಹಾಗಾಗಿ ನಾನು ಕೇಳಿದ್ದು ಎರಡು. ಆಕೆಯ ಪೂರ್ತಿ ಕೇಸ್ ಶೀಟ್, ಅಂದರೆ ಚಿಕಿತ್ಸೆಯ ದಾಖಲೆ, ಒಂದು, ಆ ತಿಂಗಳ ಸ್ಟೆರಿಲೈಸೇಷನ್ ರಿಜಿಸ್ಟರ್ ಇನ್ನೊಂದು. ಮೊದಲನೆಯದು ರೋಗಿಯ ಹಕ್ಕು. ವೈದ್ಯರ ನಡವಳಿಕೆ ಕುರಿತ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ಎರಡನೆಯದನ್ನು ಅವರು ಸುಮ್ನೆ ಕೊಡೋದಿಲ್ಲ, ಆಯೋಗದ ಮೂಲಕ ತರಿಸಬೇಕು. ತರಿಸಿದಾಗ ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈಬರಹ, ಭಾನುವಾರವೂ ಅದೇ ಸಮಯ. ಆಟೊಕ್ಲೇವ್ ಟೇಪಿನ ಕರಿ ಗೆರೆಗಳನ್ನು ಅಂದವಾಗಿ ಅಂಟಿಸಿದ್ದರು. ಆ ಗೆರೆ ಬಿಸಿ ತಗುಲಿತು ಅಂತ ಮಾತ್ರ ಹೇಳುತ್ತದೆ, ಒಳಗಿನ ಕೀಟಾಣು ಸತ್ತವು ಅಂತ ಹೇಳೋದಿಲ್ಲ. ಅದಕ್ಕೆ ಬೀಜಕಣದ ಪರೀಕ್ಷೆ ಬೇರೆಯೇ ಇದೆ: ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳನ್ನು ಯಂತ್ರದೊಳಗಿಟ್ಟು, ಸತ್ತವಾ ಅಂತ ನೋಡೋದು. ಅದರ ಒಂದು ಚೀಟಿಯೂ ರಿಜಿಸ್ಟರಿನಲ್ಲಿ ಇರಲಿಲ್ಲ. ಕೊನೆಗೆ ಆ ಕೇಸು ರಾಜಿಯಲ್ಲಿ ಮುಗಿಯಿತು.

ಆಕೆಗೂ ಮೊದಲು ಬೇಕಿದ್ದದ್ದು ಆಪರೇಷನ್ ಮಾಡಿದ ಡಾಕ್ಟರನ್ನು ಜೈಲಿಗೆ ಕಳಿಸೋದು. ಎಲ್ಲರಿಗೂ ಅದೇ ಬೇಕು. ಕೋಪ ಅರ್ಥವಾಗುತ್ತದೆ. ಆದರೆ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ಕ್ರಿಮಿನಲ್ ಕೇಸಿಗೆ ಭಾರೀ ನಿರ್ಲಕ್ಷ್ಯ ತೋರಿಸಬೇಕು, ಪೊಲೀಸರು ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ತರಿಸಬೇಕು. ಟ್ರೇ ತೊಳೆದದ್ದು ಸರ್ಜನ್ ಅಲ್ಲವೇ ಅಲ್ಲ. ಸೋಂಕಿನ ವಿಷಯದಲ್ಲಿ ಹೊಣೆ ಹೆಚ್ಚಾಗಿ ಸಂಸ್ಥೆಯದ್ದು: ನೀರು, ಟ್ರೇ, ಸಿಬ್ಬಂದಿಯ ತರಬೇತಿ, ಸೆಟ್ಟುಗಳ ಸಂಖ್ಯೆ, ಇವೆಲ್ಲ ಮಾಲೀಕರ ನಿರ್ಧಾರ. 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದಕ್ಕೆ ಹತ್ತಿರ. ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಕೇಸಿನಲ್ಲಿ ಸೇರಿಸದಿದ್ದರೂ ಆಸ್ಪತ್ರೆಯ ಮೇಲಿನ ದೂರು ಬಿದ್ದುಹೋಗೋದಿಲ್ಲ, ಯಾರು ಏನು ಮಾಡಿದರು ಅನ್ನೋದು ಆಸ್ಪತ್ರೆಗೇ ಗೊತ್ತಿರೋದು.

ಭಾಮೈದನಿಗೂ ಒಂದು ಮಾತು. ಗಾಜು ಒಡೆದರೆ, ನರ್ಸ್ ಮೇಲೆ ಕೈ ಮಾಡಿದರೆ ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ ಕರ್ನಾಟಕದ 2009ರ ಕಾಯ್ದೆಯಲ್ಲಿ ನೀವೇ ಆರೋಪಿ, ಅದು ಜಾಮೀನು ಹಕ್ಕಾಗಿ ಸಿಗದ ಅಪರಾಧ. ಆಮೇಲೆ ಎರಡೂ ಕಡೆ ಕೇಸು ವಾಪಸ್ ಅನ್ನೋ ರಾಜಿಗೆ ಕೂರುತ್ತೀರಿ, ಅಕ್ಕನ ಪರಿಹಾರ ಅಲ್ಲೇ ಕರಗಿಹೋಗುತ್ತದೆ.

ಕೆಲವೊಮ್ಮೆ ಹೊಣೆ ಆಸ್ಪತ್ರೆಯನ್ನೂ ದಾಟಿ ಹೋಗುತ್ತದೆ. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದ ನೇತ್ರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ 80ಕ್ಕೂ ಹೆಚ್ಚು ಜನರ ಆ ಕಣ್ಣು ಹೋಯಿತು. ಅನುಮಾನ ಬಿದ್ದದ್ದು ಸಲೈನ್ ಮೇಲೆ. 1989ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದಿಂದ ತಲಾ 12,500 ರೂಪಾಯಿ ಹೆಚ್ಚುವರಿ ಪರಿಹಾರ ಕೊಡಿಸಿತು. ನಮ್ಮ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆ ಆಪರೇಷನ್ ಆದ ಹಲವರಿಗೆ ಸೋಂಕಾದಾಗ ಬೊಟ್ಟು ಹೋದದ್ದು ಕಣ್ಣೊಳಗೆ ಬಳಸುವ ಜೆಲ್ ಕಡೆಗೆ. 2019ರ ಗ್ರಾಹಕ ಕಾಯ್ದೆಯಲ್ಲಿ ದೋಷವಿರುವ ಉತ್ಪನ್ನಕ್ಕೆ ತಯಾರಕರನ್ನೂ ಎಳೆಯಬಹುದು. ಆದರೆ ಬ್ಯಾಚ್ ನಂಬರ್ ಬೇಕು. ಅದು ಕೇಸ್ ಶೀಟಿನಲ್ಲಿ ಅಂಟಿಸಿದ ಪುಟ್ಟ ಸ್ಟಿಕರಿನಲ್ಲಿ ಇರುತ್ತದೆ, ಕಾಪಿ ತಗೊಳ್ಳುವಾಗ ಆ ಪುಟ ಬಿಟ್ಟುಹೋಗದ ಹಾಗೆ ನೋಡಿ.

"ಸೋಂಕಾದರೆ ನಾವು ಜವಾಬ್ದಾರರಲ್ಲ ಅಂತ ಸೈನ್ ಹಾಕಿಸಿಕೊಂಡಿದ್ದಾರೆ ಸಾರ್" ಅಂತ ಅರ್ಧ ಜನ ಅಲ್ಲೇ ಕೈಚೆಲ್ಲುತ್ತಾರೆ. ಸೋಂಕಿನ ಅಪಾಯ ಇದೆ ಅಂತ ತಿಳಿಸಿದ್ದಕ್ಕೆ ಆ ಸೈನ್ ಪುರಾವೆ. ಟ್ರೇಯನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ ಅಂತ ನೀವು ಒಪ್ಪಿಗೆ ಕೊಟ್ಟಿಲ್ಲವಲ್ಲ!

ದೂರಿಗೆ ಎರಡು ವರ್ಷದ ಗಡುವು. ಆಸ್ಪತ್ರೆಗೆ ಕಟ್ಟಿದ ಹಣ ಐದು ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ. ಒಂದೇ ಥರ ತೊಂದರೆ ಆದವರು ಹೆಚ್ಚು ಜನ ಇದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಹಾಕಲು ದಾರಿ ಇದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಗ್ರಾಹಕ ಆಯೋಗ ಬರೋದಿಲ್ಲ, ಸಿವಿಲ್ ಕೋರ್ಟ್ ಅಥವಾ ಹೈಕೋರ್ಟ್ ನೋಡಬೇಕು. ಬಿಲ್ಲನ್ನು ಇನ್ಶೂರೆನ್ಸ್ ಕಟ್ಟಿದ್ದರೆ ಚಿಂತೆ ಇಲ್ಲ, ನೀವು ಗ್ರಾಹಕರೇ.

ಸಣ್ಣ ಊರಿನ ನರ್ಸಿಂಗ್ ಹೋಮುಗಳ ಮೇಲೆ ನನಗೆ ದ್ವೇಷ ಇಲ್ಲ, ನನ್ನ ಮನೆಯವರೂ ಅಲ್ಲಿಗೇ ಹೋಗೋದು. ರಾತ್ರಿ ಎರಡಕ್ಕೆ ಬಾಗಿಲು ತೆಗೆಯುವ ಡಾಕ್ಟರುಗಳು ಅವರೇ. ಅವರಲ್ಲೊಬ್ಬರು, ಮೂರು ರೋಗಿಗಳಿಗೆ ಕೀವು ಬಂದ ವಾರವೇ ಥಿಯೇಟರ್ ಬಂದ್ ಮಾಡಿ, ನೀರನ್ನೂ ದ್ರಾವಣವನ್ನೂ ಪರೀಕ್ಷೆಗೆ ಕಳಿಸಿ, ರೋಗಿಗಳನ್ನು ತಾವೇ ಫೋನ್ ಮಾಡಿ ಕರೆಸಿ, ಖರ್ಚೂ ತಾವೇ ಹಾಕಿಕೊಂಡರು. ನನಗೆ ಫೋನ್ ಮಾಡಿದ್ದು ಆಮೇಲೆ, "ಹೀಗೆ ಮಾಡಿದ್ದು ತಪ್ಪೊಪ್ಪಿಗೆ ಆಗುತ್ತಾ?" ಅಂತ ಕೇಳೋದಕ್ಕೆ. ಆಗೋದಿಲ್ಲ ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ಎದುರು ವಕೀಲರು ಪ್ರಯತ್ನ ಪಟ್ಟೇ ಪಡುತ್ತಾರೆ ಅಂದೆ. ಆದರೆ ಅವರ ಮೇಲೆ ಇವತ್ತಿನವರೆಗೂ ಯಾರೂ ದೂರು ಕೊಟ್ಟಿಲ್ಲ.