ಕಾರ್ಡ್ ವಂಚನೆ ಪತ್ತೆ: ಮಾಡೆಲ್ 0.9 ಅಂದರೆ ಶೇ 90 ಅಲ್ಲ

ಹಳೆಯ ವಹಿವಾಟು ನೋಡಿ ಕಲಿತ ಮಾಡೆಲ್ ಪ್ರತಿ ಹೊಸ ವಹಿವಾಟಿಗೂ ಅದು ವಂಚನೆ ಆಗಿರುವ ಸಂಭವವೆಂದು 0ರಿಂದ 1ರೊಳಗಿನ ಅಂಕ ಕೊಡುತ್ತದೆ. ಅಭ್ಯಾಸಕ್ಕೆ ಹೆಚ್ಚಿನವರು ಎತ್ತಿಕೊಳ್ಳುವುದು ಡೇಟಾ ಹಂಚುವ ತಾಣ ಕ್ಯಾಗಲ್‌ನಲ್ಲಿರುವ ಯುರೋಪಿನ ಡೇಟಾ: 2013ರ ಸೆಪ್ಟೆಂಬರಿನ ಎರಡು ದಿನ, 2,84,807 ವಹಿವಾಟು, ವಂಚನೆ ಬರೀ 492. ವಿ1ರಿಂದ ವಿ28ರವರೆಗಿನ ಕಾಲಂಗಳು ಪಿಸಿಎ ಮಾಡಿದವು (ಮೂಲ ವಿವರಗಳನ್ನು ಗಣಿತದಿಂದ ಬೆರೆಸಿ ಹೊಸ ಅಂಕಿಗಳಾಗಿಸಿದವು), ಅರ್ಥ ಹುಡುಕುತ್ತ ಕೂರಬೇಡಿ. ಕಣ್ಣುಮುಚ್ಚಿ ‘ಎಲ್ಲ ಸಾಚಾ’ ಅಂದರೂ ಅಕ್ಯುರಸಿ ಶೇ 99.83 ಬರುತ್ತದೆ. ಆದ್ದರಿಂದ ಪ್ರಿಸಿಷನ್ (ವಂಚನೆ ಅಂದದ್ದರಲ್ಲಿ ನಿಜವಾದವು ಎಷ್ಟು), ರೀಕಾಲ್ (ಇದ್ದ ವಂಚನೆಗಳಲ್ಲಿ ಹಿಡಿದದ್ದೆಷ್ಟು) ಮಾತ್ರ ನೋಡಿ.

ಮೊದಲು ಟ್ರೇನ್ (ಕಲಿಸುವ ಭಾಗ), ಟೆಸ್ಟ್ (ಪರೀಕ್ಷಿಸುವ ಭಾಗ) ಬೇರೆ ಮಾಡಿ, ಆಮೇಲೆ ಟ್ರೇನ್‌ನಲ್ಲಷ್ಟೇ ಸ್ಯಾಂಪ್ಲಿಂಗ್, ಅಂದರೆ ವಂಚನೆ ಹೆಚ್ಚಿಸಿ ಇಲ್ಲವೇ ಸಾಚಾ ಇಳಿಸಿ ಸಮತೋಲ ತರುವುದು. ಇದ್ದ ವಂಚನೆಗಳಿಂದ ಹೊಸ ಸಾಲು ಹುಟ್ಟಿಸುವ ಸ್ಮೋಟ್ ವಿಧಾನವನ್ನು ಮೊದಲೇ ಹಾಕಿದರೆ ಟೆಸ್ಟ್‌ಗೆ ಹೋಗಬೇಕಾದ ವಂಚನೆಗಳಿಂದ ಹುಟ್ಟಿದ ನಕಲಿ ಸಾಲುಗಳು ಟ್ರೇನ್‌ಗೆ ನುಸುಳುತ್ತವೆ. ಆಗ ಬರುವ ರೀಕಾಲ್ ನಂಬುವಂಥದ್ದಲ್ಲ.

ಈಗ ನಿಜವಾದ ಗಂಟು. ವಂಚನೆಗಳನ್ನೆಲ್ಲ ಇಟ್ಟುಕೊಂಡು, ಸಾಚಾ ವಹಿವಾಟಿನಲ್ಲಿ ನೂರಕ್ಕೊಂದನ್ನು ಮಾತ್ರ ಉಳಿಸಿ ಕಲಿಸಿದಿರಿ ಅನ್ನಿ. ಒಂದು ವಂಚನೆಗೆ 578 ಸಾಚಾ ಇದ್ದದ್ದು 5.78ಕ್ಕೆ ಇಳಿಯಿತು. ಮಾಡೆಲ್ ಕಂಡ ಲೋಕವೇ ಅದು, 0.9 ಅನ್ನುವುದೂ ಆ ಲೋಕದ ಲೆಕ್ಕ.

ಸರಿಪಡಿಸಲು ಸೂತ್ರ ಬಾಯಿಪಾಠ ಬೇಡ, ಅನುಪಾತ ಸಾಕು. 0.9 ಅಂದರೆ 9 ವಂಚನೆಗೆ 1 ಸಾಚಾ. ಆ ಒಂದು ಸಾಚಾದ ಹಿಂದೆ ನೀವು ಬಿಸಾಕಿದ 99 ನಿಂತಿವೆ, ಹಾಗಾಗಿ 9ಕ್ಕೆ 100. 9 ಭಾಗಿಸು 109, ಸುಮಾರು 0.083. ಇನ್ನೂ ಎರಡು ಮಾಡಿ ನೋಡಿ: 0.5 ಇದ್ದದ್ದು 1/101, ಅಂದರೆ 0.0099. 0.99 ಇದ್ದದ್ದು 99/199, ಅಂದರೆ 0.497. ಮಾಡೆಲ್ ಆಣೆ ಇಟ್ಟು ಹೇಳಿದ್ದೂ ಅರ್ಧಕ್ಕರ್ಧ!

ಹೀಗೆ ತಿದ್ದಿದರೂ ಯಾವ ವಹಿವಾಟು ಹೆಚ್ಚು ಅನುಮಾನದ್ದು ಅನ್ನುವ ಕ್ರಮ ಬದಲಾಗುವುದಿಲ್ಲ. ದಿನಕ್ಕೆ ಮೇಲಿನ ನೂರು ಅಲರ್ಟ್ ಮಾತ್ರ ನೋಡುವುದಾದರೆ ಈ ತಿದ್ದುಪಡಿ ಬೇಡ. ಹಣದಿಂದ ಗುಣಿಸುವಾಗ ಬೇಕೇ ಬೇಕು. 12,000 ರೂಪಾಯಿಯ ಹೋಂಸ್ಟೇ ಬಿಲ್ಲಿಗೆ 0.9 ಹಿಡಿದರೆ ನಿರೀಕ್ಷಿತ ನಷ್ಟ 10,800, ತಿದ್ದಿದರೆ ಸುಮಾರು 991. ಕಾರ್ಡ್ ತಡೆಯುವುದೋ ಬರೀ ಒಂದು ಒಟಿಪಿ ಕೇಳುವುದೋ ಅನ್ನುವ ತೀರ್ಮಾನ ಇಲ್ಲೇ ತಿರುಗುತ್ತದೆ. ಮಾಡೆಲ್ ಕಲಿಸುವ ಸಾಧನವಾದ ಎಕ್ಸ್‌ಜಿಬೂಸ್ಟ್‌ನಲ್ಲಿ ವಂಚನೆಗೆ 578 ತೂಕ ಕೊಟ್ಟರೂ ಇದೇ ಉಬ್ಬರ, ಅನುಪಾತವನ್ನು ಸರಿಸುಮಾರು 578ರಿಂದ ಭಾಗಿಸಿ.

ಫೀಚರ್, ಅಂದರೆ ಮಾಡೆಲ್ ಕಲಿಯಲು ಕೊಡುವ ಸುಳಿವಿನ ಬಗ್ಗೆ ಒಂದೇ ಮಾತು. ‘ಹೊಸ ಊರು’ ಅನ್ನುವುದನ್ನು ಕೊಡಗಿನಲ್ಲಿ ನಂಬಬೇಡಿ, ವಾರಾಂತ್ಯದಲ್ಲಿ ಮಡಿಕೇರಿಯಲ್ಲಿ ಉಜ್ಜುವ ಎಷ್ಟೋ ಕಾರ್ಡು ಬೆಂಗಳೂರಿನವು. ದೂರವನ್ನು ಸಮಯದಿಂದ ಭಾಗಿಸಿ. ಹತ್ತಕ್ಕೆ ಕುಶಾಲನಗರದ ಪೆಟ್ರೋಲ್ ಬಂಕ್, ಹನ್ನೊಂದಕ್ಕೆ ಮಡಿಕೇರಿ: ಸುಮಾರು 30 ಕಿ.ಮೀ., ಸಹಜ. ಹನ್ನೊಂದೂವರೆಗೆ ದೆಹಲಿ ಅಂದರೆ ಅನುಮಾನ. ಆದರೆ ಈ ವೇಗವನ್ನು ಯಂತ್ರಕ್ಕೆ ಕಾರ್ಡ್ ಹಾಕಿದ ವಹಿವಾಟಿಗೆ ಮಾತ್ರ ಲೆಕ್ಕ ಹಾಕಿ. ಆನ್‌ಲೈನ್ ಖರೀದಿಯಲ್ಲಿ ಕಾಣುವುದು ಅಂಗಡಿಯ ವಿಳಾಸ, ಕಾರ್ಡ್ ಇಟ್ಟುಕೊಂಡವರು ಇರುವ ಜಾಗವಲ್ಲ.