ಮ್ಯಾನೇಜರ್ ಆಗುವ ಹೊತ್ತಿಗೆ ಪಾಯಿಂಟ್ ಖಾಲಿ: ಗಲ್ಫ್‌ನಿಂದ ಕೆನಡಾಕ್ಕೆ ಹೊರಡುವ ಹೋಟೆಲ್‌ನವರಿಗೆ

ದುಬೈ, ದೋಹಾ, ಮಸ್ಕತ್‌ನ ಹೋಟೆಲ್‌ಗಳಲ್ಲಿ ಕೆಲಸ ಮಾಡುವ ನಮ್ಮ ಮಂಗಳೂರು, ಉಡುಪಿ ಕಡೆಯವರು ಕೆನಡಾ ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಬಗ್ಗೆ ಕೇಳಿಕೊಂಡು ಬರುವುದು ಹೆಚ್ಚಾಗಿ ನಲವತ್ತರ ಆಸುಪಾಸಿನಲ್ಲಿ. ಮಕ್ಕಳ ಸ್ಕೂಲ್ ಫೀಸ್ ಏರಿರುತ್ತದೆ. ಗಲ್ಫ್‌ನಲ್ಲಿ ಎಷ್ಟು ವರ್ಷ ದುಡಿದರೂ ಕೆಲಸ ಹೋದರೆ ಊರಿಗೆ ಗಂಟುಮೂಟೆ ಕಟ್ಟಬೇಕು ಅನ್ನುವುದು ತಲೆಗೆ ಬಂದಿರುತ್ತದೆ. ಯುಎಇಯಲ್ಲಿ 10 ವರ್ಷದ ಗೋಲ್ಡನ್ ವೀಸಾ ಇದೆ ನಿಜ, ಆದರೆ ಸಂಬಳದ ಮೇಲೆ ಅದನ್ನು ಪಡೆಯಲು ಡಿಗ್ರಿ ಜೊತೆಗೆ ತಿಂಗಳಿಗೆ ಕನಿಷ್ಠ 30,000 ದಿರ್ಹಮ್ ಬೇಕು. ಅಷ್ಟು ಸಿಗುವ ರೆಸ್ಟೋರೆಂಟ್ ಮ್ಯಾನೇಜರ್‌ಗಳು ಎಷ್ಟು ಜನ, ನೀವೇ ಹೇಳಿ.

ಈಗ ಕೆನಡಾದ ಲೆಕ್ಕ ನೋಡಿ. ಪಾಯಿಂಟ್ ನೋಡಿ ಪಿಆರ್‌ಗೆ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಬ್ಬರೇ ಅರ್ಜಿ ಹಾಕಿದರೆ 20ರಿಂದ 29 ವರ್ಷದವರೆಗೆ ವಯಸ್ಸಿಗೆ 110 ಪಾಯಿಂಟ್. 35ಕ್ಕೆ 77, 40ಕ್ಕೆ 50, 45 ತುಂಬಿದರೆ ಸೊನ್ನೆ. ನಮ್ಮ ಕೆಲಸದಲ್ಲಿ ಟ್ರೈನಿ, ಕ್ಯಾಪ್ಟನ್, ಸೂಪರ್‌ವೈಸರ್, ಅಸಿಸ್ಟೆಂಟ್ ಮ್ಯಾನೇಜರ್ ಅಂತ ಮೆಟ್ಟಿಲು ಹತ್ತಿ ಮ್ಯಾನೇಜರ್ ಕುರ್ಚಿಗೆ ಬರುವಷ್ಟರಲ್ಲಿ ಮೂವತ್ತೈದು ದಾಟಿರುತ್ತದೆ. ‘ಮ್ಯಾನೇಜರ್ ಆದ ಮೇಲೆ ಹಾಕೋಣ’ ಅಂತ ಕಾಯುವವರು ಇಲ್ಲೇ ಕಳೆದುಕೊಳ್ಳುವುದು.

ಹಾಗೆ ಕಾಯುವ ಅಗತ್ಯವೂ ಇಲ್ಲ. ಕೆನಡಾ ಪ್ರತಿ ಕೆಲಸಕ್ಕೂ ಒಂದು ಎನ್‌ಒಸಿ ಕೋಡ್ ಕೊಡುತ್ತದೆ (ಗಲ್ಫ್‌ನವರು ದಿನಾ ಹೇಳುವ ಎನ್‌ಒಸಿ ಅಲ್ಲ ಇದು, ಕೆಲಸಗಳ ಪಟ್ಟಿ). ರೆಸ್ಟೋರೆಂಟ್ ಮ್ಯಾನೇಜರ್ 60030, ಹೋಟೆಲ್ ಮ್ಯಾನೇಜರ್ 60031. ಫುಡ್ ಸರ್ವಿಸ್ ಸೂಪರ್‌ವೈಸರ್‌ಗೆ 62020, ಅದೂ ಅರ್ಹ ಕೆಲಸವೇ. ಎಕ್ಸಿಕ್ಯುಟಿವ್ ಹೌಸ್‌ಕೀಪರ್ ಕೂಡ ಅರ್ಹರೇ. ಆದರೆ ಫ್ರಂಟ್ ಡೆಸ್ಕ್ ಕ್ಲರ್ಕ್ ಕೆಲಸ ಅರ್ಹತೆಯ ಗೆರೆಯ ಕೆಳಗೆ ಬರುತ್ತದೆ. ಕಾರ್ಡಿನಲ್ಲಿ ‘ಗೆಸ್ಟ್ ರಿಲೇಷನ್ಸ್ ಎಕ್ಸಿಕ್ಯುಟಿವ್’ ಅಂತ ಚಂದ ಬರೆದಿದ್ದರೂ ದಿನವಿಡೀ ಮಾಡುವುದು ಚೆಕ್‌ಇನ್, ಚೆಕ್‌ಔಟ್ ಆಗಿದ್ದರೆ ಆಫೀಸರ್ ಅದನ್ನು ಆ ಕೆಲಸವಾಗಿಯೇ ನೋಡುತ್ತಾರೆ.

ಹೋಟೆಲ್‌ನವರ ಫೈಲ್ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ. ಎಚ್‌ಆರ್ ಕೊಡುವ ಪತ್ರ ನಿಮಗೆ ಗೊತ್ತಿದ್ದದ್ದೇ: ಇಂಥವರು ಇಷ್ಟರಿಂದ ಇಷ್ಟರವರೆಗೆ ರೆಸ್ಟೋರೆಂಟ್ ಮ್ಯಾನೇಜರ್ ಆಗಿದ್ದರು, ನಡತೆ ಒಳ್ಳೆಯದು, ಮುಂದಿನ ಬದುಕಿಗೆ ಶುಭ ಹಾರೈಸುತ್ತೇವೆ. ಮೂರು ಸಾಲು, ಒಂದು ಸೀಲು. ಕೆನಡಾಕ್ಕೆ ಅದು ಸಾಲದು. ಲೆಟರ್‌ಹೆಡ್ ಮೇಲೆ ಹುದ್ದೆ, ತಾರೀಕು, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ ಮತ್ತು ಸೌಲಭ್ಯ, ಮಾಡುತ್ತಿದ್ದ ಕೆಲಸಗಳ ವಿವರ, ಎಲ್ಲವೂ ಬೇಕು. ರೋಸ್ಟರ್ ಹಾಕಿದ್ದು, ಬಜೆಟ್ ನೋಡಿದ್ದು, ಸಪ್ಲೈಯರ್ ಜೊತೆ ರೇಟ್ ಮಾತಾಡಿದ್ದು, ಸ್ಟಾಫ್ ತೆಗೆದುಕೊಂಡದ್ದು ಅದರಲ್ಲಿ ಕಾಣಬೇಕು. ಆದರೆ ಎನ್‌ಒಸಿ ಪುಟದ ಸಾಲುಗಳನ್ನು ಹಾಗೇ ಎತ್ತಿ ಹಾಕಿಸಬೇಡಿ, ಆಫೀಸರ್ ಆ ಪುಟ ದಿನಾ ಓದುತ್ತಾರೆ. ‘ನಮ್ಮ ಪಾಲಿಸಿ ಅಲ್ಲ’ ಅಂತ ಎಚ್‌ಆರ್ ಕೈ ಎತ್ತಿದರೆ ನಿಮ್ಮ ಮೇಲಿನವರಿಂದ ಒಂದು ಪತ್ರ, ಜೊತೆಗೆ ಕಾಂಟ್ರಾಕ್ಟ್, ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ, ಯಾಕೆ ಸಿಗಲಿಲ್ಲ ಅಂತ ವಿವರಣೆ ಬರೆಯಿರಿ. ಗಲ್ಫ್‌ನವರಿಗೆ ಇನ್ನೊಂದು ತಲೆನೋವಿದೆ. ಮಾಡುವುದು ಮ್ಯಾನೇಜರ್ ಕೆಲಸ, ವೀಸಾದಲ್ಲಿ ಮಾತ್ರ ‘ವೇಟರ್’ ಅಥವಾ ‘ಸೇಲ್ಸ್‌ಮನ್’ ಅಂತಿರುತ್ತದೆ. ಪ್ರಮೋಷನ್ ಆದ ತಕ್ಷಣ ಅದನ್ನೂ ಬದಲಾಯಿಸಿ ಅಂತ ಕೇಳಿ. ಆಮೇಲೆ ಕೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಜಾಬ್ ಆಫರ್ ಮಾರುವವರ ವಿಷಯ. 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಪಾಯಿಂಟ್ ರದ್ದಾಗಿದೆ. ವರ್ಕ್ ಪರ್ಮಿಟ್‌ಗೆ ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಪಡೆಯುವ ಸರ್ಕಾರಿ ಒಪ್ಪಿಗೆ) ಬೇಕಾಗಬಹುದು, ಅದರ ಫೀಸ್ 1,000 ಕೆನಡಾ ಡಾಲರ್. ಅದನ್ನು ಕಟ್ಟಬೇಕಾದ್ದು ಮಾಲೀಕರು, ನೌಕರರಿಂದ ವಸೂಲಿ ಮಾಡುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಬ್ರಿಟನ್ ಕಥೆ ಚಿಕ್ಕದು. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಡಿಗ್ರಿ ಮಟ್ಟದ ಕೆಲಸವೇ ಬೇಕು ಅಂತ ಮಾಡಿದರು. ಹೊಸದಾಗಿ ಹೋಗುವ ಹೋಟೆಲ್, ರೆಸ್ಟೋರೆಂಟ್ ಮ್ಯಾನೇಜರ್‌ಗಳಿಗೆ ಆ ಬಾಗಿಲು ಮುಚ್ಚಿತು.

ಹಾಗಾದರೆ ಪಾಯಿಂಟ್ ಎಲ್ಲಿಂದ ತರುವುದು? ಈಚಿನ ವರ್ಷಗಳಲ್ಲಿ ಕೆನಡಾ ಹೆಚ್ಚಾಗಿ ಕರೆಯುತ್ತಿರುವುದು ಅಲ್ಲೇ ಕೆಲಸ ಮಾಡಿದವರನ್ನು, ಪ್ರಾಂತ್ಯಗಳು ಆರಿಸಿದವರನ್ನು, ಫ್ರೆಂಚ್ ಬಲ್ಲವರನ್ನು ಮತ್ತು ಕೆಲವು ವೃತ್ತಿಗಳವರನ್ನು. 2025ರಲ್ಲಿ ಕುಕ್‌ಗಳನ್ನು ಟ್ರೇಡ್ ವರ್ಗಕ್ಕೆ ಸೇರಿಸಿದರು, ಮ್ಯಾನೇಜರ್‌ಗಳನ್ನು ಸೇರಿಸಲಿಲ್ಲ. ಅಡುಗೆಮನೆಗೆ ಆರ್ಡರ್ ಕಳಿಸಿದವರಿಗಿಂತ ಒಳಗೆ ಅಡುಗೆ ಮಾಡಿದವರೇ ಕ್ಯೂನಲ್ಲಿ ಮುಂದೆ ಹೋದರು! ಪ್ರಾಂತ್ಯದ ನಾಮಿನೇಷನ್ ಸಿಕ್ಕರೆ 600 ಪಾಯಿಂಟ್, ಆದರೆ ಅದು ನಮ್ಮ ಕೈಲಿಲ್ಲ. ಕೈಯಲ್ಲಿರುವುದು ಫ್ರೆಂಚ್. ಫ್ರೆಂಚ್ ಬಲ್ಲವರಿಗೆ ಆಹ್ವಾನ ಕಳಿಸುವ ಸುತ್ತುಗಳ (ಡ್ರಾ) ಕಟ್‌ಆಫ್ ಉಳಿದವಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಮೆನು ಓದುವಷ್ಟು ಫ್ರೆಂಚ್ ಕಲಿಸಿಯೇ ಇರುತ್ತಾರೆ, ಅಲ್ವಾ? ಅಲ್ಲಿಂದ ಟಿಇಎಫ್ ಪರೀಕ್ಷೆಯಲ್ಲಿ ಬೇಕಾದ ಮಟ್ಟಕ್ಕೆ ದಾರಿ ಉದ್ದ ಇದೆ, ಸುಮ್ನೆ ಆ್ಯಪ್ ಒತ್ತಿದರೆ ಆಗುವುದಿಲ್ಲ, ಶಿಫ್ಟ್ ಮುಗಿಸಿ ಕ್ಲಾಸ್‌ಗೆ ಕೂರಬೇಕು. ಆದರೂ 38 ದಾಟಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಐಇಎಲ್‌ಟಿಎಸ್‌ನಲ್ಲಿ ಅರ್ಧ ಬ್ಯಾಂಡ್‌ಗೆ ಗುದ್ದಾಡುವುದು ಆಮೇಲೆ.

ಕೊನೆಗೆ ಪೊಲೀಸ್ ಸರ್ಟಿಫಿಕೇಟ್. ಕಳೆದ 10 ವರ್ಷಗಳಲ್ಲಿ ಸತತ ಆರು ತಿಂಗಳು ಇದ್ದ ಪ್ರತಿ ದೇಶದ್ದೂ ಬೇಕು, ಮತ್ತು ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಹಾಕಲು ಸಿಗುವುದು 60 ದಿನ ಮಾತ್ರ. ಕತಾರ್, ಒಮಾನ್, ಯುಎಇ ಮೂರೂ ಕಡೆ ದುಡಿದವರು ಒಂದೊಂದು ದೇಶ ಬಿಟ್ಟ ಮೇಲೆ, ಆಹ್ವಾನಕ್ಕೆ ಕಾಯದೆ, ಅದನ್ನು ತರಿಸಿ ಫೈಲ್‌ಗೆ ಹಾಕಿಕೊಳ್ಳಿ.