2022ರಲ್ಲಿ ಬೈಡನ್ ಪಕ್ಷ ಸೋತಿತೋ, ಗೆದ್ದಿತೋ?

ಪ್ರಶ್ನೆ: ಅಮೆರಿಕದ ಮಧ್ಯಾವಧಿ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಸೋಲುವುದು ವಾಡಿಕೆ ಎನ್ನುತ್ತಾರೆ. 2022ರಲ್ಲಿ ಜೋ ಬೈಡನ್ ಅವರ ಡೆಮಾಕ್ರಟಿಕ್ ಪಕ್ಷ ಕೆಳಮನೆಯನ್ನು ಕಳೆದುಕೊಂಡಿತು. ಆದರೂ ಅದನ್ನು ಗೆಲುವೆಂಬಂತೆ ಬಣ್ಣಿಸಿದ್ದು ಏಕೆ?

ಉತ್ತರ: ವಾಡಿಕೆ ಆಗಲೂ ಮುರಿಯಲಿಲ್ಲ, ಅದರ ಪ್ರಮಾಣ ಮಾತ್ರ ಕುಗ್ಗಿತು. ನಮ್ಮಲ್ಲಿನ ಮಧ್ಯಂತರ ಚುನಾವಣೆಯಂತೆ ಅಲ್ಲಿ ಯಾವ ಸದನವೂ ವಿಸರ್ಜನೆಯಾಗಿರುವುದಿಲ್ಲ. ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಟ್ಟನಡುವೆ, ಮೊದಲೇ ನಿಗದಿಯಾದ ದಿನದಂದು, ಕೆಳಮನೆಯಾದ ಪ್ರತಿನಿಧಿ ಸಭೆಯ ಎಲ್ಲ 435 ಸ್ಥಾನಗಳಿಗೂ ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗದ ಸ್ಥಾನಗಳಿಗೂ ಮತದಾನ ನಡೆಯುತ್ತದೆ. ಅಧ್ಯಕ್ಷೀಯ ಚುನಾವಣೆಗೆ ಹೋಲಿಸಿದರೆ ಮತಗಟ್ಟೆಗೆ ಬರುವವರು ಗಣನೀಯವಾಗಿ ಕಡಿಮೆ. 2020ರಲ್ಲಿ ಅರ್ಹರ ಪೈಕಿ ಸುಮಾರು ಶೇ 66ರಷ್ಟು ಜನ ಮತ ಹಾಕಿದ್ದರೆ, 2022ರಲ್ಲಿ ಆ ಪ್ರಮಾಣ ಸುಮಾರು ಶೇ 46ಕ್ಕೆ ಇಳಿಯಿತು. ಹೀಗೆ ಮನೆಯಲ್ಲೇ ಉಳಿಯುವವರಲ್ಲಿ ಅಧ್ಯಕ್ಷರ ಹೆಸರು ನೋಡಿ ಮತ ಹಾಕಿದ್ದವರೇ ಹೆಚ್ಚು. ಆಡಳಿತದ ಮೇಲೆ ಸಿಟ್ಟಿರುವವರು ತಪ್ಪದೆ ಬರುತ್ತಾರೆ.

ಇಪ್ಪತ್ತನೇ ಶತಮಾನದ ಆರಂಭದಿಂದ ಈಚೆಗೆ ಅಧ್ಯಕ್ಷರ ಪಕ್ಷ ಮಧ್ಯಾವಧಿಯಲ್ಲಿ ಪ್ರತಿನಿಧಿ ಸಭೆಯ ಬಲವನ್ನು ನಿಜಕ್ಕೂ ಹೆಚ್ಚಿಸಿಕೊಂಡದ್ದು ಮೂರೇ ಸಲ: ಮಹಾ ಆರ್ಥಿಕ ಕುಸಿತದ ನಡುವಿನ 1934, ಬಿಲ್ ಕ್ಲಿಂಟನ್ ವಿರುದ್ಧ ದೋಷಾರೋಪಣೆಯ ಪ್ರಕ್ರಿಯೆ ನಡೆದಿದ್ದ 1998 ಮತ್ತು ಅವಳಿ ಗೋಪುರಗಳ ಮೇಲಿನ ದಾಳಿಯ ಮರುವರ್ಷವಾದ 2002. ನಾಲ್ಕನೆಯದಾಗಿ 1902ನ್ನೂ ಕೆಲವರು ಸೇರಿಸುತ್ತಾರೆ, ಆದರೆ ಅದು ಅಂಕಿಗಳ ಮೋಸ. ಆ ಸಲ ಸದನದ ಗಾತ್ರವೇ 357ರಿಂದ 386ಕ್ಕೆ ಏರಿದ್ದರಿಂದ ಥಿಯೊಡೋರ್ ರೂಸ್‌ವೆಲ್ಟ್ ಅವರ ರಿಪಬ್ಲಿಕನ್ ಪಕ್ಷದ ಸ್ಥಾನಗಳೂ ಏರಿದವು, ಎದುರಾಳಿಗಳ ಸ್ಥಾನಗಳು ಅದಕ್ಕಿಂತ ಹೆಚ್ಚು ಏರಿದವು.

ಈ ಹಿನ್ನೆಲೆಯಲ್ಲಿ 2022ನ್ನು ನೋಡಬೇಕು. ಬರಾಕ್ ಒಬಾಮ ಅವರ ಪಕ್ಷ 2010ರಲ್ಲಿ 63 ಸ್ಥಾನಗಳನ್ನು, ಕ್ಲಿಂಟನ್ ಅವರ ಪಕ್ಷ 1994ರಲ್ಲಿ 54 ಸ್ಥಾನಗಳನ್ನು ಕಳೆದುಕೊಂಡಿದ್ದವು; ಬೈಡನ್ ಅವರ ಪಕ್ಷ ಕಳೆದುಕೊಂಡದ್ದು ಒಂಬತ್ತು. 2020ರಲ್ಲಿ ಡೆಮಾಕ್ರಟರು 222, ರಿಪಬ್ಲಿಕನ್ನರು 213 ಸ್ಥಾನ ಗೆದ್ದಿದ್ದರು. 2022ರಲ್ಲಿ ಅವೇ ಎರಡು ಸಂಖ್ಯೆಗಳು ಪಕ್ಷ ಬದಲಿಸಿದವು! ಇದರಲ್ಲಿ ಗೂಢಾರ್ಥ ಹುಡುಕಬೇಕಾಗಿಲ್ಲ, ಬರಿಯ ಕಾಕತಾಳೀಯ.

ಆ ಬಹುಮತ ಎಷ್ಟು ತೆಳುವಾಗಿತ್ತು ಎಂಬುದನ್ನು ಹತ್ತಿರದಿಂದ ನೋಡಬಹುದು. ರಿಪಬ್ಲಿಕನ್ನರು ಅತ್ಯಂತ ಕಡಿಮೆ ಅಂತರದಿಂದ ಗೆದ್ದ ಐದು ಕ್ಷೇತ್ರಗಳೆಂದರೆ ಕೊಲರಾಡೊದ 3ನೇ ಕ್ಷೇತ್ರ (ಮರು ಎಣಿಕೆಯ ಬಳಿಕ 546 ಮತಗಳ ಅಂತರ), ಕ್ಯಾಲಿಫೋರ್ನಿಯಾದ 13ನೇ ಕ್ಷೇತ್ರ (564), ಮಿಷಿಗನ್‌ನ 10ನೇ ಕ್ಷೇತ್ರ (1,600), ನ್ಯೂಯಾರ್ಕ್‌ನ 17ನೇ ಕ್ಷೇತ್ರ (1,820) ಮತ್ತು ಅಯೋವಾದ 3ನೇ ಕ್ಷೇತ್ರ (2,145). ಎಲ್ಲವನ್ನೂ ಕೂಡಿದರೆ 6,675. ಈ ಐದೂ ಅತ್ತ ವಾಲಿದ್ದರೆ ರಿಪಬ್ಲಿಕನ್ನರು 217ಕ್ಕೆ ನಿಂತು, ಡೆಮಾಕ್ರಟರು ಬಹುಮತಕ್ಕೆ ಬೇಕಾದ 218ನ್ನು ಮುಟ್ಟುತ್ತಿದ್ದರು. ಒಬ್ಬ ಮತದಾರ ಪಕ್ಷ ಬದಲಿಸಿದರೆ ಅಂತರ ಎರಡು ಮತಗಳಷ್ಟು ಇಳಿಯುವುದರಿಂದ, ಈ ಐದು ಕ್ಷೇತ್ರಗಳ ಸುಮಾರು 3,340 ಮಂದಿ ಮನಸ್ಸು ಬದಲಿಸಿದ್ದರೆ ಸಾಕಿತ್ತು. ದೇಶದಾದ್ಯಂತ ಸದನಕ್ಕೆ ಚಲಾವಣೆಯಾದ ಮತಗಳು ಹತ್ತು ಕೋಟಿಗೂ ಹೆಚ್ಚು. ಹಾಗೆಂದು ಡೆಮಾಕ್ರಟರಿಗೆ ಅನ್ಯಾಯವಾಯಿತು ಎನ್ನಲಾಗದು, ಏಕೆಂದರೆ ಒಟ್ಟು ಮತಗಳಲ್ಲೂ ರಿಪಬ್ಲಿಕನ್ನರೇ ಶೇಕಡಾ ಎರಡೂವರೆಗೂ ಹೆಚ್ಚು ಅಂಶಗಳಷ್ಟು ಮುಂದಿದ್ದರು.

ಸೆನೆಟ್‌ನಲ್ಲಿ ಡೆಮಾಕ್ರಟರು ಪೆನ್ಸಿಲ್ವೇನಿಯಾದ ಸ್ಥಾನವನ್ನು ಕಸಿದುಕೊಂಡು 51ಕ್ಕೆ ಏರಿದರು. ಮರುಆಯ್ಕೆ ಬಯಸಿ ನವೆಂಬರ್ ಕಣಕ್ಕಿಳಿದ ಹಾಲಿ ಸೆನೆಟರ್‌ಗಳಲ್ಲಿ, ಎರಡೂ ಪಕ್ಷಗಳನ್ನು ಸೇರಿಸಿ, ಒಬ್ಬರೂ ಸೋಲಲಿಲ್ಲ. 1914ರಲ್ಲಿ ದೇಶವ್ಯಾಪಿ ನೇರ ಚುನಾವಣೆ ಆರಂಭವಾದ ಬಳಿಕ ಇಂಥದ್ದು ಇದೇ ಮೊದಲು. ಇದನ್ನು ಜನಪ್ರಿಯತೆಯ ಲೆಕ್ಕಕ್ಕೆ ಹಾಕುವ ಮುನ್ನ ಒಂದು ಸಂಗತಿ ಗಮನಿಸಬೇಕು: ಡೆಮಾಕ್ರಟರು ಉಳಿಸಿಕೊಳ್ಳಬೇಕಿದ್ದ 14 ಸ್ಥಾನಗಳೂ 2020ರಲ್ಲಿ ಬೈಡನ್ ಗೆದ್ದಿದ್ದ ರಾಜ್ಯಗಳವು. ಅಂದರೆ ಯಾವ ಮೂರನೇ ಒಂದು ಭಾಗ ಆ ವರ್ಷ ಚುನಾವಣೆಗೆ ಬಂತು ಎಂಬುದೇ ಅರ್ಧ ಕೆಲಸ ಮಾಡಿತ್ತು.

ರಾಜ್ಯಗಳ ಶಾಸನಸಭೆಗಳ ಲೆಕ್ಕ ಇನ್ನೂ ವಿಚಿತ್ರ. ಅಧ್ಯಕ್ಷರ ಪಕ್ಷ ತನ್ನ ಹಿಡಿತದಲ್ಲಿದ್ದ ಒಂದು ಸದನವನ್ನೂ ಕಳೆದುಕೊಳ್ಳದ ಮಧ್ಯಾವಧಿ ಚುನಾವಣೆ 1934ರ ನಂತರ ಇದೊಂದೇ. ಹೊಸದಾಗಿ ಕೈಸೇರಿದ ಸದನಗಳಲ್ಲಿ ಪೆನ್ಸಿಲ್ವೇನಿಯಾದ ಕೆಳಮನೆಯೂ ಒಂದು. ಅಲ್ಲಿ ಡೆಮಾಕ್ರಟರು 102–101ರಿಂದ ಗೆದ್ದರು, ಆದರೆ ಆ 102ರಲ್ಲಿ ಒಬ್ಬರಾದ ಆ್ಯಂಟನಿ ಡಿಲೂಕಾ ಚುನಾವಣೆಗೆ ಒಂದು ತಿಂಗಳ ಮುನ್ನವೇ ನಿಧನರಾಗಿದ್ದರು. ಮತಪತ್ರದಿಂದ ಹೆಸರು ತೆಗೆಯುವ ಕಾಲ ಮೀರಿದ್ದರಿಂದ ಮತದಾರರು ಅವರನ್ನೇ ಆರಿಸಿದರು. ಮತ್ತಿಬ್ಬರು ಮೇಲಿನ ಹುದ್ದೆಗಳಿಗೂ ಆಯ್ಕೆಯಾಗಿ ತಮ್ಮ ಸ್ಥಾನ ಬಿಟ್ಟರು. ಹೀಗೆ ಚುನಾವಣೆ ಗೆದ್ದ ಪಕ್ಷವು ಜನವರಿಯಲ್ಲಿ ಸದನ ಸೇರಿದಾಗ 99 ಸದಸ್ಯರೊಂದಿಗೆ 101 ಸದಸ್ಯರ ಎದುರು ಕುಳಿತಿತ್ತು. 2023ರ ಫೆಬ್ರುವರಿಯ ಉಪಚುನಾವಣೆಗಳಲ್ಲಿ ಮೂರೂ ಸ್ಥಾನಗಳನ್ನು ಉಳಿಸಿಕೊಂಡ ಬಳಿಕವೇ ಅದರ ಬಹುಮತ ನಿಜವಾಯಿತು.